ಮೊಳ ಇಲ್ಲವೇ ಹರದಾರಿ

ನಮ್ಮಮ್ಮನಿಗೆ ಇಬ್ಬರು ಅಳಿಯಂದಿರು. ಒಬ್ಬರಿಗೆ ಎಲ್ಲ ಗೊತ್ತು, ಬಾಯಿ ಬಿಡುವುದಿಲ್ಲ. ಇನ್ನೊಬ್ಬರಿಗೆ ಏನೂ ಗೊತ್ತಿಲ್ಲ, ಬಾಯಿ ಮುಚ್ಚುವುದಿಲ್ಲ. ಮೊದಲನೆಯವರು ನನ್ನ ಪಾಲಿಗೆ ಬಂದರು, ಎರಡನೆಯವರು ನನ್ನ ತಂಗಿಯ ಪಾಲಿಗೆ. ಯಾರ ಪಾಲು ಒಳ್ಳೆಯದು ಎಂದು ಕೇಳಿದರೆ ಅಮ್ಮ "ಅಳಿಯ ಅಲ್ಲ, ಮಗಳ ಗಂಡ" ಎಂದು ಮಾತು ಮುಗಿಸುತ್ತಾಳೆ.

ನಮ್ಮ ಯಜಮಾನರದು ಮರದ ಕೆಲಸ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ, ಒಣಗಿದ ಕೊಂಬೆ ಇಳಿಸುತ್ತಾರೆ. ಬೀದಿಯಲ್ಲಿ ಹೋಗುವಾಗ ಬೇರೆ ಯಾರೋ ಕಡಿದ ಮರ ಕಂಡರೆ ನಿಂತು, ತಲೆಯೆತ್ತಿ ನೋಡಿ, ಲೊಚಗುಟ್ಟಿ ಮುಂದೆ ಹೋಗುತ್ತಾರೆ. ಏನು ತಪ್ಪಾಗಿದೆ ಎಂದು ಕೇಳಿದರೆ ಹೇಳುವುದಿಲ್ಲ. ಒಮ್ಮೆ ಯಾರದೋ ಗಾಜಿನ ಚಾವಣಿಯ ಮೇಲೆ ಚಾಚಿಕೊಂಡಿದ್ದ ದೊಡ್ಡ ಕೊಂಬೆಯನ್ನು ಹಗ್ಗದಲ್ಲಿ ತೂಗುಹಾಕಿ, ಒಂದು ಗಾಜೂ ಬಿರುಕು ಬಿಡದಂತೆ ಇಳಿಸಿ ಬಂದಿದ್ದರು. ಆ ಕಥೆ ನಮ್ಮ ಬೀದಿಗೆಲ್ಲ ಗೊತ್ತು, ಏಕೆಂದರೆ ಅವರು ಬಾಯಿ ಬಿಡುವುದು ಆ ಒಂದು ಕಥೆಗೆ ಮಾತ್ರ.

ತಂಗಿಯ ಗಂಡನನ್ನು ಮನೆಯವರೆಲ್ಲ ಕಾಡುಸಾಹೇಬರು ಎನ್ನುತ್ತೇವೆ, ಅವರ ಬೆನ್ನ ಹಿಂದೆ. ರಜೆಯ ದಿನಗಳಲ್ಲಿ ಆಫೀಸಿನ ಜನರನ್ನು ಕಾಡಿಗೆ ಕರೆದುಕೊಂಡು ಹೋಗಿ, ಬಯಲಲ್ಲಿ ಬದುಕುವುದು ಹೇಗೆಂದು ಕಲಿಸುವುದು ಅವರ ಉದ್ಯೋಗ. ಅವರ ಪ್ಯಾಂಟಿಗೆ ಮೊಣಕಾಲಿನ ಹತ್ತಿರವೂ ಜೇಬು. ಒಂದು ಜೇಬಿನಲ್ಲಿ ಗರಗಸ, ಕತ್ತರಿ, ಚಿಮಟ ಎಲ್ಲ ಒಳಗೇ ಮಡಚಿಟ್ಟ ಚಾಕು. ಅದರಿಂದ ಅವರು ಬ್ರೆಡ್ಡು ಕೊಯ್ಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಕಲ್ಲು ಕುಟ್ಟಿ ಬೆಂಕಿ ಹೊತ್ತಿಸುತ್ತಾರಂತೆ. ಮನೆಯಲ್ಲಿ ಗ್ಯಾಸು ಹಚ್ಚಬೇಕಾದರೆ ತಂಗಿಯನ್ನು ಕೂಗುತ್ತಾರೆ. ಹಿತ್ತಲಿನ ತಮ್ಮ ಕಡೆ ಸದಾ ಒಂದು ಡೇರೆ ಹೊಡೆದಿರುತ್ತಾರೆ, ಕಾಡಿನ ಅಭ್ಯಾಸ ತಪ್ಪಬಾರದೆಂದು. ಆ ಡೇರೆ ವೈಫೈ ಸಿಗುವಷ್ಟು ದೂರದಲ್ಲೇ ಇದೆ.

ನಮ್ಮ ಎರಡೂ ಮನೆಗಳಿಗೆ ಒಂದೇ ಹಿತ್ತಲು. ನಮ್ಮ ಕಡೆಗೆ ಹಳೆಯ ಹಿಪ್ಪುನೇರಳೆ ಮರ, ಅದರ ಕೆಳಗೆ ಅಮ್ಮನ ಜೇನುಪೆಟ್ಟಿಗೆ. ನಾಲ್ಕು ಕಾಲಿನ ಕಟ್ಟಿಗೆ ಸ್ಟ್ಯಾಂಡು, ಇರುವೆ ಹತ್ತದಂತೆ ಪ್ರತಿ ಕಾಲಿಗೂ ಒಂದು ಬಟ್ಟಲು ನೀರು. ನನ್ನ ಅಡುಗೆಮನೆ ಕಿಟಕಿ ತೆಗೆದರೆ ಮೊದಲು ಕಾಣುವುದು ಆ ಪೆಟ್ಟಿಗೆ, ಮೊದಲು ಕೇಳುವುದು ಅದರ ಗುಂಯ್‌ಗುಡುವಿಕೆ. ಪಾತ್ರೆ ತೊಳೆಯುವಾಗ ಆ ಸದ್ದಿಲ್ಲದಿದ್ದರೆ ನನಗೆ ಕೈಯೇ ಓಡುವುದಿಲ್ಲ. ತಂಗಿಗೆ ಮಾತ್ರ ಚಿಕ್ಕಂದಿನಿಂದ ಹುಳ ಕಂಡರೆ ಆಗದು. ಅಮ್ಮ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಅವಳು ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಈಚೆಗೆ ಅಮ್ಮನ ಮೊಣಕಾಲು ಕೈಕೊಟ್ಟಿತು. ಜೇನುತುಪ್ಪ ತುಂಬಿದ ಚೌಕಟ್ಟು ಎತ್ತಲು ಮಣಿಕಟ್ಟಿಗೂ ಬಲವಿಲ್ಲ. "ಇದಕ್ಕೊಬ್ಬರು ವಾರಸುದಾರರು ಬೇಕು. ಅಳಿಯಂದ್ರಲ್ಲಿ ಯಾರಿಗೆ ಅಂತ ಯೋಚನೆ ಮಾಡ್ತಿದ್ದೀನಿ" ಎಂದಳು ಒಂದು ದಿನ. ಇದರಲ್ಲಿ ಯೋಚಿಸಲು ಏನಿದೆ ಎಂದು ನನಗೆ ಸಿಟ್ಟು ಬಂತು. ಪೆಟ್ಟಿಗೆ ನಮ್ಮ ಕಡೆ ಇದೆ, ನಮ್ಮವರಿಗೆ ಕೆಲಸ ಗೊತ್ತಿದೆ. ಆ ಕಡೆ ಹೋದರೆ ಅದು ಶಿಬಿರದವರ ಫೋಟೋಗೆ ಹಿನ್ನೆಲೆಯಾಗುತ್ತದೆ. ನನಗೆ ಆ ಪೆಟ್ಟಿಗೆ ಬೇಕಿತ್ತು. ಆದರೆ ಕಾಡುಸಾಹೇಬರು ಒಂದು ವಾರದಿಂದ ಅಮ್ಮನ ಪಕ್ಕ ಕೂತು ಜೇನಿನ ಮಹಿಮೆ ಅಮ್ಮನಿಗೇ ಹೇಳಿಕೊಡುತ್ತಿದ್ದರು, ಅಮ್ಮ ಅದಕ್ಕೆ ತಲೆ ಬೇರೆ ಆಡಿಸುತ್ತಿದ್ದಳು.

ಪೆಟ್ಟಿಗೆಯ ನೇರ ಮೇಲೆ ಹಿಪ್ಪುನೇರಳೆಯ ಒಂದು ಕೊಂಬೆ ಒಣಗಿ ಜೋತಿತ್ತು. ಗಾಳಿ ಬಂದರೆ ಪೆಟ್ಟಿಗೆಯ ಮೇಲೆಯೇ ಬೀಳುವುದು. ಅವತ್ತು ಬೆಳಿಗ್ಗೆ ತಂಗಿ ಆಸ್ಪತ್ರೆಗೆ ಡ್ಯೂಟಿಗೆ ಹೊರಟಾಗ, ಮೊಣಕಾಲು ತೋರಿಸಲು ಅಮ್ಮನೂ ಅವಳ ಜೊತೆ ಹೊರಟಳು. ಗೇಟಿನ ಹತ್ತಿರ ನಿಂತು, "ಇವತ್ತು ಆ ಕೊಂಬೆ ಇಳೀಲಿ. ಇಬ್ಬರೂ ಸೇರಿ ಮಾಡಿ. ಪೆಟ್ಟಿಗೆ ಯಾರಿಗೆ ಅಂತ ಸಂಜೆ ಬಂದು ಹೇಳ್ತೀನಿ" ಎಂದು ಹೋದಳು.

ನಮ್ಮವರು ಮರದ ಕೆಳಗೆ ನಿಂತು ಕೊಂಬೆ ನೋಡಿದರು, ಪೆಟ್ಟಿಗೆ ನೋಡಿದರು, ಕಾಡುಸಾಹೇಬರನ್ನು ನೋಡಿದರು. ಆಮೇಲೆ ಆ ದಿನದ ತಮ್ಮ ಪಾಲಿನ ಮಾತನ್ನೆಲ್ಲ ಒಟ್ಟಿಗೆ ಆಡಿದರು. "ಪೆಟ್ಟಿಗೆ ಅಡ್ಡ ಇದೆ. ಸರಿಸಿದ್ರೆ ಕೊಂಬೆ ಇಳಿಸ್ತೀನಿ."

"ಅದನ್ನ ನನಗೆ ಬಿಡಿ ಅಣ್ಣ" ಎಂದರು ಕಾಡುಸಾಹೇಬರು. "ನಮ್ಮ ಡೇರೆ ಪಕ್ಕ ಇಟ್ಟುಬಿಡ್ತೀನಿ. ಹತ್ತು ಹೆಜ್ಜೆ, ಅಷ್ಟೇ ತಾನೆ?"

ಅಷ್ಟೇ. ಜೇನು ಸಾಕುವವರ ಮನೆಯ ಮಗುವಿಗೂ ಗೊತ್ತಿರುವ ಮಾತೊಂದಿದೆ, ಅಮ್ಮ ನಮಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು: ಪೆಟ್ಟಿಗೆ ಸರಿಸಿದರೆ ಮೊಳ ಸರಿಸು, ಇಲ್ಲವೇ ಹರದಾರಿ ದಾಟಿಸು. ಹುಳುಗಳು ನೆನಪಿಟ್ಟುಕೊಳ್ಳುವುದು ಪೆಟ್ಟಿಗೆಯನ್ನಲ್ಲ, ಅದು ಇದ್ದ ಜಾಗವನ್ನು. ಮೊಳದಷ್ಟು ಸರಿಸಿದರೆ ಸುತ್ತ ಹುಡುಕಿ ಬಾಗಿಲು ಕಂಡುಕೊಳ್ಳುತ್ತವೆ. ಹರದಾರಿ, ಎಂದರೆ ಮೂರು ಮೈಲಿ ಆಚೆ ಒಯ್ದರೆ ಊರೇ ಹೊಸದು ಎಂದು ದಾರಿಯನ್ನು ಮೊದಲಿಂದ ಕಲಿಯುತ್ತವೆ. ನಡುವಿನ ದೂರವೇ ಮೋಸ. ಹತ್ತು ಹೆಜ್ಜೆ ಸರಿಸಿದರೆ ಹೂವಿಗೆ ಹೋದವು ಹಳೆಯ ಜಾಗಕ್ಕೇ ಹಿಂದಿರುಗಿ, ಮನೆ ಎಲ್ಲಿ ಹೋಯಿತೆಂದು ಗಾಳಿಯಲ್ಲಿ ಸುತ್ತುತ್ತಾ ಉಳಿಯುತ್ತವೆ.

ನಮ್ಮವರಿಗೆ ಇದು ಗೊತ್ತು. ಗೊತ್ತಿದ್ದೂ ಹಗ್ಗದ ಗಂಟು ಬಿಗಿದಿದೆಯೇ ಎಂದು ಬಹಳ ಶ್ರದ್ಧೆಯಿಂದ ನೋಡುತ್ತಾ ನಿಂತರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಅವತ್ತು ನಮ್ಮವರು ಬಂಗಾರದ ಅಂಗಡಿಯನ್ನೇ ತೆರೆದಿದ್ದರು. ಅಡುಗೆಮನೆ ಕಿಟಕಿಯಲ್ಲಿ ನಿಂತ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಕಾಡುಸಾಹೇಬರು ಬಲೆಯ ಟೋಪಿ ಹಾಕಿಕೊಂಡು, ಕೈಗವಸು ತೊಟ್ಟು, ಡಬ್ಬಿಯಲ್ಲಿ ಹೊಗೆ ಎಬ್ಬಿಸಿದರು. ಮೊದಲ ಹೊಗೆ ಜೇನಿಗಿಂತ ಹೆಚ್ಚು ಅವರಿಗೇ ತಗುಲಿ ಕೆಮ್ಮಿದರು. ಎಳೆ ಬಿಸಿಲು, ಹುಳುಗಳಲ್ಲಿ ಅರ್ಧಕ್ಕರ್ಧ ಹೊರಗೆ ಹೋಗಿದ್ದವು. ಅದನ್ನೇ ಅವರು "ನೋಡಿ ಅಣ್ಣ, ಎಷ್ಟು ಶಾಂತವಾಗಿವೆ" ಎಂದರು. ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ಪೆಟ್ಟಿಗೆಯನ್ನಷ್ಟೇ ಹೊತ್ತು, ತಮ್ಮ ಡೇರೆಯ ಪಕ್ಕದ ಮೇಜಿನ ಮೇಲಿಟ್ಟು, ಅದರ ಜೊತೆ ಒಂದು ಫೋಟೋ ತೆಗೆದುಕೊಂಡರು.

ನಮ್ಮವರು ಮರ ಹತ್ತಿದರು. ಅವರ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ನಾನು ಹೆಂಡತಿಯಾಗಿದ್ದೂ ಇಡಲಾರೆ. ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದರು, ತುಂಡು ಮುರಿದು ಬೀಳುವಾಗ ತೊಗಟೆ ಸುಲಿದುಕೊಂಡು ಕಾಂಡದವರೆಗೆ ಹರಿಯಬಾರದೆಂದು. ಆಮೇಲೆ ಅದರಿಂದಾಚೆ ಮೇಲಿನಿಂದ ಕೊಯ್ದು ತುಂಡನ್ನು ಹಗ್ಗದಲ್ಲಿ ಇಳಿಬಿಟ್ಟರು. ಕೊನೆಗೆ ಉಳಿದ ಮೋಟನ್ನು, ಬುಡದಲ್ಲಿ ಬಳೆಯಂತೆ ಉಬ್ಬಿರುತ್ತದಲ್ಲ, ಆ ಉಬ್ಬಿಗೆ ಗಾಯವಾಗದಂತೆ ತೆಗೆದರು. ಮರ ತನ್ನ ಗಾಯ ಮುಚ್ಚಿಕೊಳ್ಳುವುದು ಆ ಉಬ್ಬಿನಿಂದಲೇ. ಮರದ ನೋವು ಇಷ್ಟು ಬಲ್ಲವರು ಕೆಳಗಿಳಿದು, ಖಾಲಿ ಸ್ಟ್ಯಾಂಡಿನ ಸುತ್ತ ಆಗಲೇ ಸುತ್ತತೊಡಗಿದ್ದ ಹುಳುಗಳನ್ನು ನೋಡಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು.

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹುಳುಗಳ ಮೋಡವೇ ನಿಂತಿತ್ತು. ಕಾಡುಸಾಹೇಬರು ಬಂದು ನೋಡಿದರು. ಟೋಪಿ ಡೇರೆಯಲ್ಲಿತ್ತು, ಮೈಮೇಲೆ ಸೆಂಟಿತ್ತು. ಒಂದು ಹುಳ ಕೆನ್ನೆಯ ಹತ್ತಿರ ಬಂತು, ಇವರು ಬಡಿದರು. ಒಂದು ಕಚ್ಚಿದ ವಾಸನೆಗೆ ಇನ್ನೊಂದು ಬರುತ್ತದೆ, ಎರಡನೆಯದಕ್ಕೂ ಬಡಿದರು. ಕೊನೆಗೆ ಬಯಲಲ್ಲಿ ಬದುಕುವುದನ್ನು ಕಲಿಸುವವರು ಬಯಲು ಬಿಟ್ಟು ಬಚ್ಚಲಿಗೆ ಓಡಿದರು. ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ.

ಸಂಜೆ ಅಮ್ಮ, ತಂಗಿ ಬಂದರು. ಅಷ್ಟರಲ್ಲಿ ಬಿಸಿಲು ಹೋಗಿ ಚಳಿ ಇಳಿಯುತ್ತಿತ್ತು. ಹುಳುಗಳು ಹಾರುವುದನ್ನು ಬಿಟ್ಟು ಖಾಲಿ ಸ್ಟ್ಯಾಂಡಿನ ಹಲಗೆಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಕೂತಿದ್ದವು. ಕೆಲವು ನೀರಿನ ಬಟ್ಟಲಿಗೆ ಬಿದ್ದು ಸತ್ತಿದ್ದವು. ಅಷ್ಟು ಹೊತ್ತು ನಗುತ್ತಿದ್ದ ನನ್ನ ನಗು ಅಲ್ಲಿಗೇ ನಿಂತಿತು. ರಾತ್ರಿಯೆಲ್ಲ ಅಲ್ಲೇ ಇದ್ದರೆ ಬೆಳಿಗ್ಗೆ ಒಂದೂ ಉಳಿಯುವುದಿಲ್ಲ ಎಂಬುದು ನನಗೆ ಬೆಳಗಿನಿಂದಲೇ ಗೊತ್ತಿತ್ತು. ಗೊತ್ತಿದ್ದದ್ದು ಕಣ್ಣಿಗೆ ಬಿದ್ದದ್ದು ಮಾತ್ರ ಈಗ.

ಅಮ್ಮ ಗೋಡೆ ಹಿಡಿದು ನಿಂತು ಎಲ್ಲ ನೋಡಿದಳು. ಆಗ ಬಚ್ಚಲಿನ ಕಡೆಯಿಂದ ಕಾಡುಸಾಹೇಬರು ಬಂದರು. ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಪಕ್ಕಕ್ಕೆ ತಿರುಗಿತ್ತು. ಜೇನಿನ ಮುಳ್ಳನ್ನು ಜೇಬಿನ ಚಿಮಟದಿಂದ ಹಿಡಿದು ಕೀಳಹೋಗಿ ಅದರ ವಿಷವನ್ನೆಲ್ಲ ಒಳಗೇ ಹಿಂಡಿಕೊಂಡಿದ್ದರು. ಜೇನಿಗೇ ಹುಚ್ಚು ಹಿಡಿದಿದೆ ಎಂದು ಭಾಷಣ ಬಿಗಿಯುತ್ತಾರೆ ಎಂದುಕೊಂಡೆ.

"ಅತ್ತೆ, ನನ್ನಿಂದ ಏನೋ ತಪ್ಪಾಗಿದೆ" ಎಂದರು ಅವರು. "ಏನು ಅಂತ ಗೊತ್ತಾಗ್ತಿಲ್ಲ. ಅವು ಸಾಯ್ತಿವೆ. ಏನ್ ಮಾಡ್ಬೇಕು ಹೇಳಿ, ಮಾಡ್ತೀನಿ."

ಅಮ್ಮ ಮೊದಲು ಅವರ ಕೆನ್ನೆಯಲ್ಲಿ ಉಳಿದಿದ್ದ ಮುಳ್ಳನ್ನು ಉಗುರಿನಿಂದ ಪಕ್ಕಕ್ಕೆ ಕೆರೆದು ತೆಗೆದಳು. "ಚಿವುಟಬಾರದು, ಹೀಗೆ ಕೆರೀಬೇಕು" ಎಂದಳು. "ಈಗ ಹೋಗಿ ಪೆಟ್ಟಿಗೆ ತಂದು ಎಲ್ಲಿತ್ತೋ ಅಲ್ಲೇ ಇಡಿ. ಮೆಲ್ಲಗೆ, ಕುಲುಕಬೇಡಿ."

ಅವರು ಟೋಪಿಯನ್ನೂ ಹುಡುಕದೆ ಹೋಗಿ ಪೆಟ್ಟಿಗೆ ಎತ್ತಿ ತಂದರು. ಇನ್ನೊಂದು ಕಚ್ಚಿತು, ಈ ಸಲ ಬಡಿಯಲಿಲ್ಲ. ಹುಳ ಕಂಡರೆ ಓಡುತ್ತಿದ್ದ ತಂಗಿ ಪಕ್ಕದಲ್ಲಿ ಟಾರ್ಚು ಹಿಡಿದು ನಡೆದಳು. ಅಮ್ಮ ಹೇಳಿದಂತೆ ಮುದ್ದೆಯನ್ನು ಒಂದು ರಟ್ಟಿನ ಮೇಲೆ ಮೆಲ್ಲಗೆ ಎಳೆದುಕೊಂಡು, ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕೂರಿಸಿ, ರಟ್ಟನ್ನು ಅದರ ಬಾಗಿಲಿಗೆ ಆನಿಸಿ ಹಿಡಿದರು. ಹುಳುಗಳು ಒಂದೊಂದಾಗಿ ಏರಿ ಒಳಗೆ ಹೋಗತೊಡಗಿದವು.

ಆಮೇಲೆ ಅಮ್ಮ ನಮ್ಮವರ ಕಡೆ ತಿರುಗಿದಳು. "ಗಾಜಿನ ಚಾವಣಿ ಮೇಲಿಂದ ಕೊಂಬೆ ಇಳಿಸಿದೋರು ನೀವೇ ಅಲ್ವಾ?"

ನಮ್ಮವರು ಹೂಂ ಎಂದರು.

"ಮತ್ತೆ ಈ ಕೊಂಬೆಗೆ ಪೆಟ್ಟಿಗೆ ಹೇಗೆ ಅಡ್ಡ ಬಂತು?"

ಅಲ್ಲಿಯವರೆಗೆ ನನಗೂ ಅದು ಹೊಳೆದಿರಲಿಲ್ಲ. ಹಗ್ಗದಲ್ಲಿ ತೂಗಿ ಗಾಜಿನಿಂದಾಚೆ ಇಳಿಸಬಲ್ಲವರಿಗೆ ಪೆಟ್ಟಿಗೆ ಸರಿಸುವ ಅಗತ್ಯವೇ ಇರಲಿಲ್ಲ. ನಮ್ಮವರು ಮೂಲೆಯಲ್ಲಿ ಸುತ್ತಿಟ್ಟಿದ್ದ ಹಗ್ಗವನ್ನು ಮೊದಲ ಸಲ ಕಂಡವರಂತೆ ನೋಡಿದರು.

"ತುಂಬಿದ ಕೊಡ ತುಳುಕಲ್ಲ ಅಂತ ಊರೆಲ್ಲ ನಿಮ್ಮನ್ನ ಹೊಗಳುತ್ತೆ" ಎಂದಳು ಅಮ್ಮ. "ಬಾಯಾರಿದೋರಿಗೆ ಒಂದು ತೊಟ್ಟೂ ಬಗ್ಗಿಸದ ಕೊಡ ತುಂಬಿದ್ರೆಷ್ಟು, ಬಿಟ್ರೆಷ್ಟು? ಗೊತ್ತಿಲ್ಲದೋರಿಗೆ ನಾನು ಹೇಳಿಕೊಡಬಲ್ಲೆ. ನಿಮಗೆ ಏನು ಹೇಳಿಕೊಡಲಿ?" ಆಮೇಲೆ ನನ್ನ ಕಡೆ ನೋಡದೆಯೇ, "ನೀನು ಕಿಟಕಿ ಹತ್ರಾನೇ ಇದ್ದೆ ಅಲ್ವಾ?" ಎಂದಳು.

ನಾನು ಎಂದೂ ಮಾತಿಗೆ ತಡವರಿಸಿದವಳಲ್ಲ. ಅವತ್ತು ನನ್ನ ಬಾಯಲ್ಲೂ ಬಂಗಾರವೇ ತುಂಬಿತ್ತು.

ಪೆಟ್ಟಿಗೆ ಕಾಡುಸಾಹೇಬರ ಪಾಲಾಯಿತು. ದಿನಕ್ಕೊಂದು ಮೊಳ ಸರಿಸುತ್ತಾ ಅವರ ಕಡೆಗೆ ಒಯ್ಯಬೇಕೆಂದು ಅಮ್ಮನ ಅಪ್ಪಣೆ. ದಿನಾ ನಸುಕಿಗೆ ಅವರು ಬರುತ್ತಾರೆ. ಸ್ಟ್ಯಾಂಡನ್ನೂ ಬಟ್ಟಲುಗಳನ್ನೂ ಸೇರಿಸಿ ಮೊಳ ಅಳೆದು ಸರಿಸುತ್ತಾರೆ, ನನ್ನನ್ನು ಕಂಡು "ಆಯ್ತಾ ಅಕ್ಕ ಕಾಫಿ?" ಎನ್ನುತ್ತಾರೆ. ಅಮ್ಮ ಜಗುಲಿಯಲ್ಲಿ ಕೂತು ನೋಡುತ್ತಾಳೆ. ನಮಗೆ ಬೇರೆ ಯಾವುದಾದರೂ ಶಿಕ್ಷೆಯಾಗಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ನಮ್ಮವರು ಆ ಹೊತ್ತಿಗೆ ಸರಿಯಾಗಿ ಗರಗಸದ ಹಲ್ಲು ಮಸೆಯಲು ಕೂರುತ್ತಾರೆ. ಆ ಗಾಜಿನ ಚಾವಣಿಯ ಕಥೆಯನ್ನು ಈಗ ಯಾರಿಗೂ ಹೇಳುವುದಿಲ್ಲ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ನನ್ನ ಕಿಟಕಿ ದಾಟಿತು. ಇನ್ನು ಕಾಣಬೇಕಾದರೆ ಕತ್ತು ಹೊರಗೆ ಚಾಚಬೇಕು. ಚಾಚಿ ನೋಡಿದೆ. ಕಾಡುಸಾಹೇಬರು ಅದನ್ನು ಕೆಳಗಿಡುತ್ತಾ, ಅಂದಕ್ಕೋ ಏನೋ, ಬಾಗಿಲನ್ನು ತಮ್ಮ ಡೇರೆಯ ಕಡೆಗೆ ತಿರುಗಿಸಿದರು. ದಿಕ್ಕು ಬದಲಾದರೆ ಹುಳುಗಳು ಮತ್ತೆ ದಾರಿ ತಪ್ಪುತ್ತವೆ. ಇವತ್ತು ಅಮ್ಮ ಇನ್ನೂ ಎದ್ದಿರಲಿಲ್ಲ. ನಾನು ಸುಮ್ಮನೆ ಕಿಟಕಿ ಮುಚ್ಚಿದ್ದರೆ ಸಾಕಿತ್ತು, ಅಂಥದೇ ಇನ್ನೊಂದು ಸಂಜೆಯಾಗುತ್ತಿತ್ತು, ಪೆಟ್ಟಿಗೆ ನಮ್ಮ ಕಡೆಗೇ ಮರಳಿದರೂ ಮರಳುತ್ತಿತ್ತು.

"ಬಾಗಿಲು ಆ ಕಡೆ ಬೇಡ" ಎಂದೆ. "ಮೊದಲು ಯಾವ ದಿಕ್ಕಿಗಿತ್ತೋ ಆ ದಿಕ್ಕಿಗೇ ಇರಲಿ."

"ಹೌದಾ ಅಕ್ಕ? ಹೇಳಿದ್ದು ಒಳ್ಳೇದಾಯ್ತು" ಎಂದು ಅವರು ತಿರುಗಿಸಿಟ್ಟರು. ಬಿಸಿಲು ಏರುವ ಹೊತ್ತಿಗೆ ಹೂವಿಗೆ ಹೋಗಿದ್ದ ಹುಳುಗಳು ಬಂದವು. ಒಂದೂ ದಾರಿ ತಪ್ಪದೆ ಒಳಗೆ ಹೋದವು, ನಮ್ಮ ಮನೆಯಿಂದ ಇನ್ನೊಂದು ಮೊಳ ದೂರಕ್ಕೆ.