ಕೊಪ್ಪರಿಗೆ ಹೋದ ಮನೆ

ಜಿನ್ನವ್ವನ ಕೊಪ್ಪರಿಗೆಯ ಚಿತ್ರ ಕಂಪ್ಯೂಟರಿನೊಳಗೆ ಹೋಗಿ ಕೂತು ವಾರವಾಗಿತ್ತು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳು ಸೋನಾಲಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿ, ಹಳೆಯ ಸಾಮಾನು ಕೊಳ್ಳುವವರು ಮಾರುವವರು ಸೇರುವ ಜಾಲತಾಣವೊಂದರಲ್ಲಿ ಏರಿಸಿದ್ದಳು. ಕೆಳಗೆ ಅಪ್ಪನ ಹೆಸರು, ಅಡ್ಡಹೆಸರು, ಹುಕ್ಕೇರಿ, ಫೋನ್ ನಂಬರು.

ಹಿತ್ತಾಳೆಯ ಕೊಪ್ಪರಿಗೆ ಅದು, ಒಳಗೆ ಒಬ್ಬ ಮನುಷ್ಯ ಮುದುರಿ ಮಲಗಬಹುದಾದಷ್ಟು ದೊಡ್ಡದು. ಅತ್ತೆಯ ಕಾಲದಲ್ಲಿ ಬಸದಿಯ ಪೂಜೆ ಇದ್ದಾಗಲೆಲ್ಲ ಓಣಿಗೆ ಓಣಿಯೇ ಉಂಡ ಅನ್ನ ಅದರಲ್ಲಿ ಬೆಂದಿತ್ತು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅದನ್ನು ಎತ್ತಿ ಒಲೆಗಿಡುವ ಕೈಗಳು ಉಳಿಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಬೋರಲು ಬಿದ್ದು ಬೆಕ್ಕು ಮಲಗುವ ಕಟ್ಟೆಯಾಯಿತು. ಗುಜರಿ ಸಾಮಾನು ಕೊಳ್ಳುವ ಮೋಡಕಾದವನು ಒಡೆದು ತೂಕಕ್ಕೆ ಒಯ್ಯುತ್ತೇನೆಂದಾಗ ಜಿನ್ನವ್ವನೇ ಬೇಡವೆಂದಳು. ಇಡಿಯಾಗಿ ಹೋಗಲಿ, ಯಾರದಾದರೂ ಒಲೆಯ ಮೇಲೆ ಕೂಡಲಿ ಎಂದು ಅವಳ ಮನಸ್ಸು.

ಆದರೆ ಯಾರ ಒಲೆ? ಊರೊಳಗೆ ಒಂದು ಪಾತ್ರೆ ಕೊಟ್ಟರೆ ಅದು ಯಾವ ಮನೆಗೆ ಹೋಯಿತು, ಯಾವ ಸೊಸೆ ಅದನ್ನು ಬೆಳಗುತ್ತಾಳೆ, ಎಲ್ಲ ಗೊತ್ತಿರುತ್ತದೆ. ಕಂಪ್ಯೂಟರಿನಲ್ಲಿ ಅದೇನೂ ಕಾಣುವುದಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಹೇಳಿದ್ದು ಒಂದೇ ಮಾತು: ಯಾರಿಗೆ ಬೇಕಾದರೂ ಕೊಡು, ಅದರಲ್ಲಿ ಮಾಂಸ ಮಾತ್ರ ಬೇಯಬಾರದು. ಜಿನ್ನವ್ವ ಹೂಂ ಎಂದಿದ್ದಳು.

ಫೋನು ಬಂದದ್ದು ಕೌಜಲಗಿಯಿಂದ. ಶಿದ್ರಾಮ ಎಂಬಾತ, ಕುರಿ ಸಾಕಿದ ಮನೆಯವನು. ಮೂಡಲಗಿಗೆ ಕಂಪ್ಯೂಟರ್ ಕಲಿಯಲು ಹೋಗುವ ಮಗಳು ಚಿತ್ರ ತೋರಿಸಿದಳಂತೆ. ಜಿನ್ನವ್ವನ ಗಂಡ ಬಾಪುಸಾಹೇಬ ಅಲ್ಲೇ ನಿಂತು ರೇಟು ಮಾತಾಡಿ ಮುಗಿಸಿ, ಆಮೇಲೆ ಹೆಂಡತಿಗೆ ಹೇಳಿದ.

“ಕುರಿ ಸಾಕಿದವ್ರಿಗೆ ಇಷ್ಟ ದೊಡ್ಡ ಕೊಪ್ಪರಿಗಿ ಯಾಕ ಬೇಕ್ರಿ?” ಎಂದಳು ಜಿನ್ನವ್ವ.

“ಬಾಗಲಕ್ಕ ಬಂದವ್ರನ್ನ ನೀವೇನ ಉಣ್ತೀರಿ ಅಂತ ಕೇಳಾಕ ಆಗತೈತೇನ? ಮಾತು ಕೊಟ್ಟೇನಿ, ಮುಗೀತು.”

ಕೇಳಲು ಬರುವುದಿಲ್ಲ, ಅದು ಅವಳಿಗೂ ಗೊತ್ತು. ಹಾಗೆ ಕೇಳಿದರೆ ಮನೆಗೆ ಬಂದವರ ಮುಖಕ್ಕೆ ಹೊಡೆದಂತೆ. ಕೇಳದಿದ್ದರೆ ಅತ್ತೆಗೆ ಕೊಟ್ಟ ಮಾತು ಹೋಯಿತು. ಉಣ್ಣಲು ಕೂತರೂ ಅರ್ಧಕ್ಕೇ ತಟ್ಟೆ ಸರಿಸಿ ಏಳತೊಡಗಿದಳು. ಕೊನೆಗೆ ಅವಳಿಗೆ ಹೊಳೆದದ್ದು ಒಂದು ಸುಳ್ಳು. ತಳ ಸೋರುತ್ತದೆ ಎಂದುಬಿಟ್ಟರೆ ಅವರೇ ಬೇಡವೆಂದು ಹೋಗುತ್ತಾರೆ.

ಶಿದ್ರಾಮ ಗೋಕಾಕದಿಂದ ಬಾಡಿಗೆ ಟೆಂಪೋ ಮಾಡಿಕೊಂಡು ಬಂದ. ಜೊತೆಗೆ ಹೆಂಡತಿ ಫಕೀರವ್ವ. ಅವನು ಬೋರಲು ಬಿದ್ದ ಪಾತ್ರೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಒಂದು ಸುತ್ತು ಬಂದು, ಚಲೋ ಐತಿ ಎಂದು, ಹಗ್ಗ ತರಲು ಬಾಪುಸಾಹೇಬನ ಸಂಗಡ ಹೊರಗೆ ಹೋದ. ಫಕೀರವ್ವ ಮಾತ್ರ ಕೊಪ್ಪರಿಗೆಯೊಳಗೆ ಸೊಂಟದವರೆಗೆ ಬಾಗಿದಳು. ತಳವನ್ನು ಅಂಗೈಯಿಂದ ತಿಕ್ಕಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು.

ಈಗ ಹೇಳದಿದ್ದರೆ ಇನ್ನಿಲ್ಲ ಎಂದುಕೊಂಡು ಜಿನ್ನವ್ವ ಹೇಳಿಯೇಬಿಟ್ಟಳು: “ತಳ ಸ್ವಲ್ಪ ಸೋರತೈತ್ರಿ.”

“ಸೋರಿದ್ರ ಸೋರಲ್ರಿ. ನಮ್ಮ ಗಂಜಿ ದಪ್ಪ ಇರತೈತಿ, ಅದ ತೂತ ಮುಚ್ಚತೈತಿ.”

ಸುಳ್ಳು ಅಲ್ಲಿಗೇ ಸತ್ತಿತು. ಫಕೀರವ್ವ ಸೆರಗಿನಿಂದ ಕೈ ಒರೆಸಿಕೊಂಡಳು, ಬಾಗಿಲ ಕಡೆ ನೋಡಿದಳು, ದನಿ ಸಣ್ಣದು ಮಾಡಿದಳು.

“ಅಕ್ಕಾರ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇದರಾಗ ಎಂದರ ಖಂಡದ ಅಡಗಿ ಆಗೇತೇನ್ರಿ?”

ಜಿನ್ನವ್ವ ತಲೆ ಅಲ್ಲಾಡಿಸಿದಳು. “ನಾವು ಜೈನರ್ರಿ.”

“ಗೊತ್ತೈತ್ರಿ. ಅಡ್ಡಹೆಸರ ನೋಡೇ ಬಂದೇವಿ. ಆದ್ರೂ ಮದವಿಗೆ ಗಿದವಿಗೆ ಯಾರಿಗರ ಕೊಟ್ಟಿದ್ರೇನೋ ಅಂತ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಅವರದು ಕಂಬಳಿ ನೇಯುವ ಮನೆ. ಉಣ್ಣೆಯ ಎಳೆಗಳನ್ನು ಬಯಲಲ್ಲಿ ಉದ್ದಕ್ಕೆ ಹಾಸಿ, ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ಅದಕ್ಕೆ ಬಳಿಯಬೇಕು, ಆಗಲೇ ಎಳೆ ಗಟ್ಟಿಯಾಗಿ ಮಗ್ಗದ ಮೇಲೆ ನಿಲ್ಲುತ್ತದೆ. ಹೋದ ಸಲ ಯಾರದೋ ಕೊಪ್ಪರಿಗೆ ಎರವಲು ತಂದರು. ಅದರಲ್ಲಿ ಮದುವೆಯ ಮಾಂಸ ಬೆಂದಿತ್ತಂತೆ, ಎಷ್ಟು ಬೆಳಗಿದರೂ ಕೊಬ್ಬು ಬಿಡಲಿಲ್ಲ. ಗಂಜಿ ಎಳೆಗೆ ಹಿಡಿಯಲೇ ಇಲ್ಲ. ಮಗ್ಗದ ಮೇಲೆ ಎಳೆಗಳು ಪಟಪಟ ಹರಿದು ಇಡೀ ಹಾಸು ಹಾಳಾಯಿತು.

“ನಾವೂ ಖಂಡ ತಿನ್ನಾವ್ರ ರಿ, ಇಲ್ಲ ಅನ್ನಂಗಿಲ್ಲ. ಆದ್ರ ಇದರಾಗ ಯಾರರ ಖಂಡ ಹಾಕಾಕ ಬಂದ್ರ ನಾ ಸೌಟ ತಗೊಂಡ ಬಡೀತೇನಿ.”

ಜಿನ್ನವ್ವ ಕೊಪ್ಪರಿಗೆಯ ಅಂಚು ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಮೊದಲು ನಗು ಬಂತು, ನಗುವಿನ ಹಿಂದೆ ಕಣ್ಣೀರು. ಫಕೀರವ್ವ ಗಾಬರಿಯಾಗಿ ನೀರು ತರಲೇನು ಎಂದು ಕೇಳಿದಳು.

“ಸೋರಂಗಿಲ್ರಿ ಅದು,” ಎಂದಳು ಜಿನ್ನವ್ವ. “ಒಂದ ಹನಿ ಸೋರಂಗಿಲ್ಲ. ನಿಮಗ ಕೊಡಬಾರದಂತ ಸುಳ್ಳ ಹೇಳಿದೆ.” ಯಾಕೆ ಎಂಬುದನ್ನೂ, ಅತ್ತೆಯ ಮಾತನ್ನೂ ಮುಚ್ಚಿಡದೆ ಹೇಳಿದಳು.

ಫಕೀರವ್ವ ತಾನೂ ಅವಳ ಪಕ್ಕಕ್ಕೆ ಕುಕ್ಕರಿಸಿದಳು.

“ನೀವ ಆ ಕಡಿಯಿಂದ ಅಂಜಿ ಕುಂತೀರಿ, ನಾ ಈ ಕಡಿಯಿಂದ. ಗಂಡಸರು ರೇಟ ಮಾತಾಡಿ ಆರಾಮ ಮಲಗ್ಯಾರ ನೋಡ್ರಿ.”

ಗಂಡಸರು ಹಗ್ಗ ಹಿಡಿದು ಒಳಗೆ ಬಂದಾಗ ಇಬ್ಬರೂ ನಗುತ್ತಿದ್ದರು. ಏನಾಯಿತೆಂದು ಯಾರೂ ಹೇಳಲಿಲ್ಲ. ಕೊಪ್ಪರಿಗೆ ಟೆಂಪೋ ಏರಿತು. ಫಕೀರವ್ವ ಮುಂದೆ ಕೂಡದೆ ಹಿಂದೆ ಅದರ ಪಕ್ಕಕ್ಕೇ ಕೂತಳು, ರಸ್ತೆಯ ಕುಣಿಗಳಲ್ಲಿ ತಗ್ಗು ಬೀಳಬಾರದೆಂದು ಒಂದು ಕೈ ಅದರ ಮೇಲೆ.

ಅವರು ತಿರುವು ದಾಟುವ ಹೊತ್ತಿಗೆ ಮನೆಯೊಳಗೆ ಫೋನು ಬಡಿದುಕೊಂಡಿತು. ಯಾವುದೋ ಧಾಬಾದವನು, ಕಂಪ್ಯೂಟರಿನಲ್ಲಿ ಕೊಪ್ಪರಿಗೆ ನೋಡಿದ್ದಾನೆ, ಇದ್ದರೆ ಹೆಚ್ಚಿಗೇ ಕೊಡುತ್ತಾನಂತೆ. ಬಾಪುಸಾಹೇಬ ರಿಸೀವರಿಗೆ ಕೈ ಅಡ್ಡ ಹಿಡಿದು ಹೆಂಡತಿಯ ಮುಖ ನೋಡಿದ. ಜಿನ್ನವ್ವ ಅದನ್ನು ತಾನೇ ಇಸಿದುಕೊಂಡಳು.

“ಹೋತ್ರಿ,” ಎಂದಳು. “ಚಲೋ ಮನಿಗೆ ಹೋತು.”

ಫೋನು ಇಟ್ಟು ಅಡುಗೆಮನೆಗೆ ನಡೆದಳು. ಬುಟ್ಟಿಯಲ್ಲಿ ಬೆಳಗಿನ ರೊಟ್ಟಿ ಇತ್ತು. ಖಾರದ ಹಿಂಡಿ ಹಚ್ಚಿಕೊಂಡು, ಗೋಡೆಗೆ ಒರಗಿ ಕೂತು, ನಿಧಾನವಾಗಿ ಉಂಡಳು.