ಬಾಯಿ ಬಿಡದ ಗಿರಾಕಿ

ಇಪ್ಪತ್ತೇಳು ವರ್ಷ ಆ ಫ್ರೆಂಚ್ ರೆಸ್ಟೋರೆಂಟಿನ ಹರಿದ ಮೇಜುಬಟ್ಟೆಗಳಿಗೆ ತೇಪೆ ಹಾಕಿದವಳು ನಾನು. ಅಲ್ಲಿ ಕೂತು ಉಂಡಿದ್ದು ಮಾತ್ರ ಒಂದೇ ಸಲ. ಅದೂ ಒಂದು ಭಾನುವಾರದ ಮಧ್ಯಾಹ್ನ, ತುಟಿ ಹೊಲಿದುಕೊಂಡು.

"ಅಲ್ಲಿ ನೀನು ಗಿರಾಕಿ, ನಾನು ಬಡಿಸೋನು, ಅಷ್ಟೇ. ಬಾಯಿ ಬಿಡಬೇಡ," ಎಂದು ನನ್ನ ಗಂಡ ಮನೆಯಿಂದ ಹೊರಡುವಷ್ಟರಲ್ಲಿ ಮೂರು ಸಲ ಹೇಳಿದ್ದರು. ಮೂರನೇ ಸಲಕ್ಕೆ ನನಗೆ ಪಿತ್ತ ನೆತ್ತಿಗೇರಿತ್ತು. ಆದರೂ ಹೂಂ ಎಂದೆ, ಯಾಕೆಂದರೆ ಅವತ್ತು ಅವರ ಕೆಲಸ ಉಳಿಯಬೇಕಿತ್ತು.

ಆ ರೆಸ್ಟೋರೆಂಟಿನಲ್ಲಿ ಒಂದು ಹಳೇ ಪದ್ಧತಿ. ಇಡೀ ಮೀನನ್ನು ಸಣ್ಣ ಗಾಡಿಯ ಮೇಲೆ ಮೇಜಿನ ಬಳಿಗೆ ತಂದು, ಗಿರಾಕಿಯ ಕಣ್ಣೆದುರೇ ಚಮಚ, ಫೋರ್ಕುಗಳಿಂದ ಮುಳ್ಳು ಬಿಡಿಸಿ ಬಡಿಸುತ್ತಾರೆ. ನಡುಮುಳ್ಳು ಬಾಚಣಿಗೆಯ ಹಾಗೆ ಒಂದೇ ತುಂಡಾಗಿ ಮೇಲೇಳಬೇಕು. ಅದರಲ್ಲಿ ನನ್ನ ಗಂಡ ಎತ್ತಿದ ಕೈ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಆ ಕೈಯ ಮಣಿಕಟ್ಟೇ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, ಮೂಳೆ ಕೂಡಿದೆ, ಹೆದರಿಕೆ ಉಳಿದಿದೆ ಎಂದರು. ಯಾರಾದರೂ ನೋಡುತ್ತಿದ್ದರೆ ಸಾಕು, ಕೈ ನಡುಗುತ್ತಿತ್ತು.

ಈಗಿನ ಮಾಲೀಕಿ ಹಳೇ ಮಾಲೀಕರ ಮಗಳು, ಕೆಟ್ಟವಳೇನಲ್ಲ. ಆರು ವಾರ ಬಿಟ್ಟು ಬರುವ ಭಾನುವಾರ ಒಂದು ಮೀನು ಸರಿಯಾಗಿ ಬಿಡಿಸಿ ತೋರಿಸಿ, ಗಿರಾಕಿಯಾಗಿ ಬೇಕಾದರೆ ಹೆಂಡತಿಯನ್ನೇ ಕೂರಿಸಿ ಎಂದಿದ್ದಳು. ಆಗದಿದ್ದರೆ ಗಾಡಿ ಉಗ್ರಾಣಕ್ಕೆ, ಇವರು ಬಾಗಿಲ ಬಳಿ ಬಂದವರ ಕೋಟು ತೂಗುಹಾಕುವ ಕೆಲಸಕ್ಕೆ.

ಆ ಆರು ವಾರವೂ ಮನೆಯಲ್ಲಿ ಅಭ್ಯಾಸ ನಡೆಯಿತು. ದಿನಕ್ಕೊಂದು ಅಗ್ಗದ ಮೀನು. ಪರದೆ, ದಿಂಬು, ಹೊಲಿಗೆ ಯಂತ್ರ, ಎಲ್ಲಕ್ಕೂ ಅದೇ ವಾಸನೆ. ಪಕ್ಕದ ಮನೆಯ ಬೆಕ್ಕು ನಮ್ಮ ಮನೆಯ ಅಳಿಯನಾಯಿತು. ಮೊದಲ ವಾರ ಮುಳ್ಳು ಪುಡಿಪುಡಿಯಾಗುತ್ತಿತ್ತು, ಕೊನೆಯ ವಾರ ಒಂದೂ ತಪ್ಪಲಿಲ್ಲ.

ಅಂದು ಇಬ್ಬರೂ ಒಟ್ಟಿಗೇ ಬಂದೆವು. ಬೀದಿ ತಿರುವಿನಲ್ಲಿ ಅವರು ಹಿಂಬಾಗಿಲಿಗೆ ಹೋದರು, ನಾನು ಮುಂಬಾಗಿಲಿಗೆ. ಒಳಗೆ ಕೆಂಪು ಮಕಮಲ್ಲಿನ ಕುರ್ಚಿಗಳು ಜನ ಕೂತೂ ಕೂತೂ ಬೋಳಾಗಿದ್ದವು. ಕನ್ನಡಿಗಳ ಅಂಚಿಗೆ ಕಪ್ಪು ಚುಕ್ಕೆ ಹತ್ತಿತ್ತು. ಕುಚ್ಚಿನ ದೀಪಗಳು, ನೇರಳೆ ಶಾಯಿಯಲ್ಲಿ ಕೈಯಿಂದ ಬರೆದ ಮೆನು, ಮೂಲೆಯಲ್ಲಿ ಅಕಾರ್ಡಿಯನ್ ಹಾಡನ್ನು ಕೆರೆಯುತ್ತಿದ್ದ ರೆಕಾರ್ಡ್ ಪ್ಲೇಯರ್. ಇಷ್ಟು ಚಂದದ ಜಾಗದಲ್ಲಿ ನನಗೇನು ಕೆಲಸ ಅನ್ನಿಸಿತು. ಆಗ ಮೇಜುಬಟ್ಟೆಯ ಮೂಲೆಯಲ್ಲಿ ನಾನೇ ಹಾಕಿದ ತೇಪೆ ಕೈಗೆ ಸಿಕ್ಕಿ, ಸ್ವಲ್ಪ ಧೈರ್ಯ ಬಂತು.

"ತಮಗೆ ಏನು ತರಲಿ, ಮೇಡಂ?" ಎಂದು ಗಂಡ ಬಂದು ಬಾಗಿದರು. ಮೂವತ್ತು ವರ್ಷ "ಏ, ಇವಳೇ" ಎಂದು ಕರೆದ ಬಾಯಿ ಅದು. ನಗು ನುಂಗಿಕೊಂಡು ಮೆನುವಿನಲ್ಲಿ ಮೀನಿನ ಮೇಲೆ ಬೆರಳಿಟ್ಟೆ.

ಒಂದು ಚಕ್ರ ಕಿರ್ರೆನ್ನುತ್ತಾ ಗಾಡಿ ಬಂತು. ಬೆಣ್ಣೆಯಲ್ಲಿ ಹುರಿದ ಚಪ್ಪಟೆ ಮೀನು. ಅಂಚಿನ ಸಣ್ಣ ಮುಳ್ಳುಗಳನ್ನು ಹೇಗೋ ಸರಿಸಿದರು. ನಡುಗೆರೆಗೆ ಚಮಚ ಇಟ್ಟಿದ್ದೇ ತಡ, ಅದು ತಟ್ಟೆಗೆ ಬಡಿದು ಟಿಣಿಟಿಣಿ ಎನ್ನತೊಡಗಿತು. ಪಕ್ಕದ ಮೇಜಿನ ಗಂಡಹೆಂಡತಿ ಮರ್ಯಾದೆಗೆ ಬೇರೆ ಕಡೆ ತಿರುಗಿದರು. ಅಡುಗೆಮನೆ ಬಾಗಿಲ ದುಂಡನೆಯ ಗಾಜಿನ ಹಿಂದೆ ಮಾಲೀಕಿಯ ಮುಖ ಕಂಡಿತು. ಮನೆಯಲ್ಲಿ ಆಗಿದ್ದು ಇಲ್ಲಿ ಯಾಕೆ ಆಗುತ್ತಿಲ್ಲ? ಅದೇ ಕೈ, ಅದೇ ಚಮಚ, ಅದೇ ನಾನು.

ಅದೇ ನಾನಲ್ಲ ಎಂದು ಆಗ ಹೊಳೆಯಿತು. ಆ ಆರು ವಾರ ಮನೆಯಲ್ಲಿ ನಾನು ಒಂದು ನಿಮಿಷ ಸುಮ್ಮನಿದ್ದವಳಲ್ಲ. ಹಾಲು, ಬಟ್ಟೆ, ಬೆಕ್ಕು, ನಾದಿನಿ, ಎಲ್ಲದರ ಬಗ್ಗೆ ವಟಗುಟ್ಟುತ್ತಲೇ ಇದ್ದೆ. ಅವರು ನನಗೆ ಎದುರುತ್ತರ ಕೊಡುವ ಭರದಲ್ಲಿ ಕೈಯನ್ನು ಮರೆತುಬಿಡುತ್ತಿದ್ದರು. ಇಲ್ಲಿ ಗೊಂಬೆಯ ಹಾಗೆ ಕೂತು ಆ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಕೊಟ್ಟ ಮಾತು ಮುರಿದೆ. "ಬರೋವಾಗ ಒಲೆ ಆರಿಸಿದ್ರಾ?"

ಚಮಚ ನಿಂತಿತು. "ಮೇಡಂ?"

"ಮೇಡಂ ಅಂತೆ, ಮೇಡಂ. ನೀರು ಕಾಯಕ್ಕೆ ಇಟ್ಟಿದ್ದು ನೀವೇ ತಾನೇ?"

"ಕೊನೇಲಿ ಬೀಗ ಹಾಕಿದ್ದು ಯಾರು?" ಎಂದರು ಹಲ್ಲು ಕಚ್ಚಿ, ತಗ್ಗಿದ ದನಿಯಲ್ಲಿ.

"ಬೀಗ ಹಾಕೋಳು ಒಲೇನೂ ನೋಡ್ಬೇಕಾ? ಎಲ್ಲಾ ನಾನೇ ಮಾಡೋದಾದ್ರೆ ನೀವ್ಯಾಕೆ ಇರೋದು?"

"ಹೋದ ಸಲಾನೂ ನೀನು ಹೀಗೇ ಅಂದು ನನ್ನ ಅರ್ಧ ದಾರಿಯಿಂದ ವಾಪಸ್ ಕರ್ಕೊಂಡು ಹೋದೆ. ಒಲೆ ಆರಿತ್ತೋ ಇಲ್ವೋ?"

"ಆರಿತ್ತು. ಆರಿಸಿದ್ದು ನಾನು."

"ನೀನಲ್ಲ, ನಾನು," ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಫೋರ್ಕಿನ ಮೇಲೆ ಮುಳ್ಳು ತೂಗುತ್ತಿತ್ತು, ತಲೆಯಿಂದ ಬಾಲದವರೆಗೆ ಇಡಿಯಾಗಿ. ಅದನ್ನು ನೋಡಿ ಅವರೇ ಬೆಪ್ಪಾದರು. ನನಗೆ ಅಳು ಬಂದುಬಿಟ್ಟಿತು. ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮಾಲೀಕಿ ಹೊರಗೆ ಬಂದಳು. "ಚೆನ್ನಾಗಿ ಬಂತು. ಆದ್ರೆ ಎಲ್ಲಾ ಮೇಜಿಗೂ ಇವರನ್ನೇ ಕೂರಿಸಕ್ಕಾಗಲ್ವಲ್ಲ," ಎಂದಳು. ಅವಳ ಮಾತು ತಪ್ಪಲ್ಲ. ನಾನು ತಲೆ ತಗ್ಗಿಸಿದೆ.

ಅಷ್ಟರಲ್ಲಿ ಪಕ್ಕದ ಮೇಜಿನಾತ ಕೈ ಎತ್ತಿ, "ನಮಗೂ ಅದೇ ಮೀನು," ಎಂದ.

ಗಾಡಿ ಅಡುಗೆಮನೆಗೆ ಹೋಗಿ ಇನ್ನೊಂದು ಮೀನಿನೊಂದಿಗೆ ಆ ಮೇಜಿನ ಬಳಿಗೆ ಬಂತು. ಮತ್ತೆ ಟಿಣಿಟಿಣಿ. ನಾನು ಅರ್ಧ ಎದ್ದೆ. ಗಂಡ ನನ್ನತ್ತ ನೋಡಿ, ಬೇಡ ಎಂದು ತಲೆಯಾಡಿಸಿದರು. ಗಂಟಲು ಸರಿಮಾಡಿಕೊಂಡು ಆ ಹೆಂಗಸಿನ ಕಡೆ ಬಾಗಿದರು.

"ಕ್ಷಮಿಸಿ ಮೇಡಂ, ಬರೋವಾಗ ಒಲೆ ಆರಿಸಿ ಬಂದ್ರಾ?"

ಆಕೆ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ನೀವು ಆರಿಸಿದ್ರಿ ತಾನೇ?" ಎಂದಳು.

"ನಾನಾ? ಕೊನೇಲಿ ಕಾಫಿ ಮಾಡಿದ್ದು ನೀನು."

"ಕುಡಿದಿದ್ದು ಯಾರು?"

"ನಮ್ಮನೇಲೂ ಇದೇ ಕಥೆ ಸಾರ್," ಎಂದು ನನ್ನ ಗಂಡ ಮಧ್ಯೆ ಬಾಯಿ ಹಾಕಿದರು. ಚಮಚದ ಸದ್ದು ನಿಂತು, ಮುಳ್ಳು ಇಡಿಯಾಗಿ ಮೇಲೆದ್ದಿತ್ತು. ಮಾಲೀಕಿ ಗಾಡಿಯ ಕಿರ್ರೆನ್ನುವ ಚಕ್ರದತ್ತ ಬಗ್ಗಿ ನೋಡಿ, ಇದಕ್ಕೆ ನಾಳೆ ಎಣ್ಣೆ ಹಾಕಿಸಬೇಕು ಎಂದಳು.

ನನ್ನ ಬಾಯಿಗೆ ಇನ್ನು ಬೇರೆ ಕೆಲಸ ಇರಲಿಲ್ಲ. ತಣ್ಣಗಾಗುತ್ತಿದ್ದ ಮೀನಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುಳ್ಳಿನ ಭಯವಿಲ್ಲದೆ ತಿಂದೆ.