ದೇವರ ಮಾಡದಲ್ಲಿಟ್ಟ ಬಾಟಲಿ

ಅಂಬ್ರಪ್ಪ ಒಳ್ಳೆಯವನೇ ಆಗಿದ್ದರೆ ಅಷ್ಟೊಂದು ಹುಷಾರಾಗಿ ಯಾಕಿರಬೇಕು? ಆರು ತಿಂಗಳಿಂದ ಮರಿಲಿಂಗಮ್ಮನ ತಲೆ ಕೊರೆಯುತ್ತಿದ್ದ ಹುಳ ಇದೇ.

ಮರಿಲಿಂಗಮ್ಮ ಸುರಪುರದ ರಂಗಂಪೇಟೆಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್. ಗಂಡ ಅದೇ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ನೌಕರಿ ಇವಳಿಗೆ ಬಂತು, ಜೊತೆಗೆ ವಿಜ್ಞಾನದ ಲ್ಯಾಬಿನ ಗಾಜು ತೊಳೆಯುವ ಕೆಲಸವೂ ಬಂತು. ಹನ್ನೆರಡು ವರ್ಷ ತೊಳೆದಿದ್ದಾಳೆ, ಒಂದು ನಳಿಕೆಯನ್ನೂ ಒಡೆದವಳಲ್ಲ. ಮೊದಲಿದ್ದ ಲ್ಯಾಬ್ ಸಹಾಯಕ ಶಾಂತಪ್ಪ ಆಸಿಡ್ ಬಾಟಲಿಯನ್ನು ಕಿಟಕಿಯ ಮೇಲೆ ಸಾಬೂನಿನ ಪಕ್ಕ ಇಟ್ಟು ಹರಟೆಗೆ ಹೋಗುತ್ತಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಹಾಗಂತ ಮರಿಲಿಂಗಮ್ಮ ಹೇಳುತ್ತಾಳೆ, ನಾವು ಕೇಳೋಣ.

ಶಾಂತಪ್ಪ ರಿಟೈರಾದ, ಅಂಬ್ರಪ್ಪ ಬಂದ. ಹಿಂದೆ ಕಡೇಚೂರಿನ ಕಡೆ ಯಾವುದೋ ಕಾರ್ಖಾನೆಯಲ್ಲಿ ದುಡಿದವನು. ಎಡ ಮುಂಗೈಯ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಬಂದ ಮೊದಲ ದಿನವೇ ಆಸಿಡ್ಡನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಜಡಿದು ಕೀಲಿಯನ್ನು ತಾನೇ ಇಟ್ಟುಕೊಂಡ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿದ. ಬಾಗಿಲ ಹತ್ತಿರ ಎರಡು ಬಕೆಟ್ ನೀರು ಸದಾ ತುಂಬಿರಬೇಕೆಂದ. ಹಾಳಾದವನು, ಎರಡು ಹನಿ ಸುರಿಯುವುದಕ್ಕೂ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು, ಕೈಗೆ ರಬ್ಬರ್ ಗವಸು ತೊಟ್ಟು, ಮದುವೆ ಮನೆಗೆ ಹೊರಟವನಂತೆ ಸಿಂಗಾರವಾಗುತ್ತಿದ್ದ.

"ಬಕೆಟ್ ಯಾಕ್ರೀ ಸರ್? ಬೆಂಕಿಗಿಂಕಿ ಬೀಳ್ತದೇನು?" ಎಂದು ಕೇಳಿದ್ದಳು ಮರಿಲಿಂಗಮ್ಮ.

"ಆಸಿಡ್ ಮೈಮ್ಯಾಲ ಬಿದ್ರ ನೀರ ಹುಡಕ್ಕೋತ ಹೋಗೂ ಪುರಸೊತ್ತು ಇರಂಗಿಲ್ಲಕ್ಕಾ" ಎಂದಿದ್ದ ಅವನು. "ಇದು ನೀರು ಬೆರಸಿದ್ದು ಖರೆ. ಆದ್ರ ನೀರಿನಂಗ ಕಾಣ್ತದಲ್ಲ, ಅದಾ ಇದರ ದೊಡ್ಡ ಅಪಾಯ."

ಮರಿಲಿಂಗಮ್ಮನಿಗೆ ಬೇರೆಯೇ ಕೇಳಿಸಿತು. ಮೈಮೇಲೆ ಬೀಳುವ ಮಾತು ಇವನ ಬಾಯಿಗೆ ಬಂದದ್ದಾದರೂ ಹೇಗೆ? ಅದನ್ನೇ ಯೋಚಿಸುತ್ತಿರುವವನ ಬಾಯಿಗೆ ತಾನೇ ಅದು ಬರುವುದು?

ಸುಮ್ಮನೆ ಹುಟ್ಟಿದ ಸಂಶಯವಲ್ಲ ಅದು. ಅಂಬ್ರಪ್ಪ ವಡಗೇರಾದ ತಾಯಪ್ಪನ ಖಾಸಾ ಅಕ್ಕನ ಗಂಡ. ಆ ತಾಯಪ್ಪ ಕಳೆದ ವರ್ಷ ಇವಳ ಒಬ್ಬಳೇ ಮಗಳು ಅಮೃತಮ್ಮನನ್ನು ನೋಡಲು ಬಂದಿದ್ದ. ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆ, ಮುಖದಲ್ಲೂ ಕುಂದಿಲ್ಲ. ಆದರೆ ಶಹಾಪುರದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, "ಡಿಗ್ರಿ ಮುಗಿಯೂತನಕ ಯಾರೂ ಬ್ಯಾಡ" ಎಂದು ಅವಲಕ್ಕಿಯ ತಟ್ಟೆ ಇಟ್ಟ ಜಾಗದಲ್ಲೇ ಹೇಳಿಬಿಟ್ಟಳು. ತಾಯಪ್ಪ ಎದ್ದು ಹೋದ. ಬಸ್ಟ್ಯಾಂಡಿನಲ್ಲಿ ನಿಂತು, "ನಾನೂ ನೋಡ್ತೀನಿ" ಅಂದನಂತೆ. ಕೇಳಿಸಿಕೊಂಡು ಬಂದವಳು ಪಕ್ಕದ ಮನೆಯ ಬಾಲಮ್ಮ. ಬಾಲಮ್ಮನ ಕಿವಿಗೆ ಬಿದ್ದದ್ದು ಬಾಯಿಂದ ಹೊರಬರುವಾಗ ಒಂದು ತೂಕ ಹೆಚ್ಚೇ ಇರುತ್ತದೆ. ಆದರೆ ತಾಯಿಯ ಹೊಟ್ಟೆ ಅದನ್ನೆಲ್ಲ ತೂಗಿ ನೋಡುವುದುಂಟೇ? ಹುಡುಗಿಯರ ಮುಖಕ್ಕೆ ಆಸಿಡ್ ಎರಚಿದ ಸುದ್ದಿಗಳನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಆವತ್ತಿನಿಂದ ಮಗಳು ಕಾಲೇಜಿನಿಂದ ಬರುವತನಕ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ತಾಯಪ್ಪನ ಭಾವನೇ ಆಸಿಡ್ ಕಪಾಟಿನ ಕೀಲಿ ಹಿಡಿದು ಬಂದು ಕೂತರೆ?

ಮೇಲಾಗಿ ಒಂದು ದಿನ ಅವನು, "ನಿಮ್ಮ ಅಮೃತಮ್ಮ ಯಾವ ಬಸ್ಸಿಗೆ ಹೋಗ್ತಾಳಕ್ಕಾ?" ಎಂದು ಕೇಳಿದ. ಮರಿಲಿಂಗಮ್ಮ, "ಒಂದೊಂದು ದಿನ ಒಂದೊಂದಕ್ಕ ಹೋಗ್ತಾಳ್ರಿ" ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಳು. ಅದಾದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಕಾದದ್ದಕ್ಕೆ ಸಿಕ್ಕಿತು ಕೂಡ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಂಬ್ರಪ್ಪ ದೊಡ್ಡ ಬಾಟಲಿಯಿಂದ ಚಿಕ್ಕ ಗಾಜಿನ ಬಾಟಲಿಗೆ ಆಸಿಡ್ ಬಗ್ಗಿಸಿ, ಬಿರಟೆ ಬಿಗಿದು, ಹಳೆ ಬಟ್ಟೆ ಸುತ್ತಿ ಚೀಲದೊಳಗೆ ನಿಲ್ಲಿಸಿದ. ಮರುದಿನ ಐತವಾರ ವಡಗೇರಾಕ್ಕೆ ಹೋಗಲು ಶಹಾಪುರದ ಬಸ್ಸು ಹತ್ತಿದ. ಮುಂದಿನ ಶನಿವಾರವೂ ಅದೇ, ಐತವಾರವೂ ಅದೇ.

"ವಡಗೇರಾದಾಗ ಏನ್ ಕೆಲಸರೀ ಸರ್?"

"ಅದಾವಕ್ಕಾ, ಸಣ್ಣಪುಟ್ಟ" ಎಂದು ಅವನು ಮುಖ ಬೇರೆಡೆ ತಿರುಗಿಸಿದ. ತಪ್ಪು ಮಾಡದವನು ಮುಖ ಯಾಕೆ ತಿರುಗಿಸುತ್ತಾನೆ, ನೀವೇ ಹೇಳಿ.

ಹೆಡ್‌ಮಾಸ್ತರರ ಹತ್ತಿರ ಹೋಗಿ ಹೇಳಿದಳು. ಅವರು ನಕ್ಕು, "ಟಿವಿ ಕಡಿಮಿ ನೋಡು ಮರಿಲಿಂಗಮ್ಮ" ಎಂದರು. ಸರಿ, ತನ್ನ ಮಗಳನ್ನು ತಾನೇ ಕಾಯಬೇಕು ಎಂದು ಅವಳು ಅಲ್ಲೇ ತೀರ್ಮಾನಿಸಿದಳು.

ಮುಂದಿನ ಶನಿವಾರ ಅಂಬ್ರಪ್ಪ ಕೀಲಿಗೊಂಚಲನ್ನು ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದ. ಮರಿಲಿಂಗಮ್ಮ ಕಪಾಟು ತೆರೆದಳು. ತನ್ನ ಚೀಲದಲ್ಲಿದ್ದ ಖಾಲಿ ಬಿಸ್ಲೇರಿ ಬಾಟಲಿಗೆ ಆಸಿಡ್ಡನ್ನೆಲ್ಲ ಬಗ್ಗಿಸಿಕೊಂಡಳು, ದೊಡ್ಡ ಬಾಟಲಿಗೆ ನಲ್ಲಿಯ ನೀರು ತುಂಬಿಸಿ ಇದ್ದಲ್ಲೇ ಇಟ್ಟಳು. ಒಂದು ಹನಿ ಹೊರಗೆ ಬೀಳಲಿಲ್ಲ. ಒಯ್ಯಲಿ, ತಾಯಪ್ಪನಿಗೆ ಕಾಲುವೆ ನೀರು ಒಯ್ದು ಕೊಡಲಿ! ಮನೆಗೆ ಬರುವಾಗ ಅವಳಿಗೆ ಒಳಗೊಳಗೇ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಆಸಿಡ್ಡನ್ನು ಚೆಲ್ಲಿಬಿಡಬಹುದಿತ್ತು. ಚೆಲ್ಲಲಿಲ್ಲ. ಸರ್ಕಾರದ ಮಾಲು, ನಾಳೆ ಯಾರಾದರೂ ಕೇಳಿದರೆ? ಇಡುವುದೆಲ್ಲಿ? ಅಡುಗೆಮನೆಯಲ್ಲಿಟ್ಟರೆ ಅಮೃತಮ್ಮ ಕಂಡ ಕಂಡ ಬಾಟಲಿ ಎತ್ತಿ ಗಟಗಟ ಕುಡಿಯುವವಳು. ಬಚ್ಚಲಲ್ಲಿ ಬೇಡ. ಕೊನೆಗೆ ಗೋಡೆಯಲ್ಲಿದ್ದ ದೇವರ ಮಾಡದಲ್ಲಿ ತಿಂಥಣಿಯ ಮೋನಪ್ಪಯ್ಯನ ಪಟದ ಹಿಂದೆ ಇಟ್ಟಳು. ಸ್ನಾನ ಮಾಡದೆ ಆ ಮಾಡವನ್ನು ಯಾರೂ ಮುಟ್ಟುವುದಿಲ್ಲ, ಮಗಳಂತೂ ಪರೀಕ್ಷೆ ಬಂದಾಗ ಬಿಟ್ಟರೆ ಅತ್ತ ತಲೆ ಹಾಕುವುದಿಲ್ಲ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನಾವುದು?

ಮರುದಿನ ಅಮವಾಸ್ಯೆ. ಬಾಲಮ್ಮ ಪ್ರತಿ ಅಮವಾಸ್ಯೆಯ ಮುಂಚೆ ತಿಂಥಣಿಗೆ ಹೋಗಿ ಕೃಷ್ಣೆಯ ನೀರನ್ನು ಇಂಥದೇ ಬಿಸ್ಲೇರಿ ಬಾಟಲಿಯಲ್ಲಿ ತರುತ್ತಾಳೆ, ಓಣಿಯ ನಾಲ್ಕು ಮನೆಯ ಮಾಡದಲ್ಲಿ ತಾನೇ ಇಟ್ಟು ಹೋಗುತ್ತಾಳೆ. ತಲೆಗೆ ಎರೆದುಕೊಂಡು ಆ ನೀರನ್ನು ಮೊದಲು ಕಣ್ಣಿಗೆ ಹಚ್ಚಿಕೊಂಡು, ಆಮೇಲೆ ಮನೆಗೆಲ್ಲ ಚಿಮುಕಿಸುವುದು ಅವರ ಕಡೆಯ ರೂಢಿ. ಮರಿಲಿಂಗಮ್ಮನಿಗೆ ಇದು ಗೊತ್ತಿಲ್ಲದ್ದೇ? ಅವಳ ಗಂಡನ ಕಾಲದಿಂದ ನಡೆದುಬಂದದ್ದು. ಆದರೆ ಆ ಶನಿವಾರ ಅವಳ ತಲೆಯಲ್ಲಿ ಅಂಬ್ರಪ್ಪನೊಬ್ಬನನ್ನು ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ಅಂಬ್ರಪ್ಪ ಬಂದು ನಿಂತ. ಓಡಿ ಬಂದವನ ಏದುಸಿರು.

"ಅಕ್ಕಾ, ಲ್ಯಾಬಿನ ಬಾಟ್ಲ್ಯಾಗ ಬರೀ ನೀರದ. ನೆಲಕ್ಕ ಹಾಸಿದ ಪರಸಿ ಕಲ್ಲಿನ ಮ್ಯಾಲ ಹನಿಸಿ ನೋಡ್ದೆ, ನೊರಿ ಏಳಲಿಲ್ಲ. ನಿನ್ನೆ ನಿಮ್ಮನ್ನ ಬಿಟ್ರ ಅಲ್ಲಿ ಯಾರಿದ್ದಿಲ್ಲ."

ಬಂದ ನೋಡಿ, ಕಳೆದುಕೊಂಡ ಮಾಲನ್ನು ಹುಡುಕಿಕೊಂಡು ಬಂದ! ಮರಿಲಿಂಗಮ್ಮ ಕಸಬರಿಗೆಯನ್ನು ಬಿಡದೆ ಸೆಟೆದು ನಿಂತಳು.

"ಐತವಾರ ನಿಮಗ್ಯಾಕ ಬೇಕ್ರೀ ಆಸಿಡ್? ಯಾರ ಮಾರಿಗೆ ಹಾಕಾಕ?"

ಅವನು ಅರ್ಥವಾಗದವನಂತೆ ನೋಡಿದ. "ಹೊಲಕ್ಕರೀ. ಕಾಲುವಿ ನೀರು ನಿಂತು ತಾಯಪ್ಪನ ಹೊಲ ಸವಳ ಹಿಡದು ಉಪ್ಪಾಗ್ಯದ. ಮಣ್ಣಿನ ಮ್ಯಾಲ ಎರಡ ಹನಿ ಹಾಕಿದ್ರ, ಸುಣ್ಣದ ಅಂಶ ಎಷ್ಟದ ಅಂತ ನೊರಿ ನೋಡಿ ತಿಳೀತದ. ಲ್ಯಾಬಿಂದ ಒಯ್ಯೂದು ತಪ್ಪು, ಅದಕ್ಕ ಯಾರ ಮುಂದೂ ಅಂದಿದ್ದಿಲ್ಲ."

"ಬಸ್ಸು ಕೇಳಿದ್ದು? ಅದೂ ಮಣ್ಣಿಗೇನು?"

"ಆ ಬಸ್ಸು ನೀ ಹತ್ತಬ್ಯಾಡ ಅಂತ ತಾಯಪ್ಪಗ ಹೇಳಾಕ ಕೇಳ್ದೆ. ಹುಡುಗಿಗೆ ಮುಜುಗರ ಆಗಬಾರದಲ್ಲ." ಅವನ ದನಿ ಏರಿತು. "ಅದು ಇರ್ಲಿ ಅಕ್ಕಾ, ಮೊದಲ ಹೇಳ್ರಿ, ಅದನ್ನ ಯಾವ ಬಾಟ್ಲ್ಯಾಗ ಹಾಕೀರಿ? ಎಲ್ಲಿಟ್ಟೀರಿ? ಕುಡಿಯೂ ನೀರಿನ ಬಾಟ್ಲ್ಯಾಗ ಹಾಕಿಲ್ಲ ಹೌದಿಲ್ಲೋ?"

ಎಷ್ಟು ನಯವಾಗಿ ಕಥೆ ಕಟ್ಟುತ್ತಾನಪ್ಪ ಎಂದುಕೊಂಡಳು ಮರಿಲಿಂಗಮ್ಮ. ಬಾಯಿ ತೆರೆಯುವುದರೊಳಗೆ ಒಳಗಿಂದ ಅಮೃತಮ್ಮ ಕಿರುಚಿದಳು.

ತಲೆಗೆ ಎರೆದುಕೊಂಡ ಒದ್ದೆ ಕೂದಲಲ್ಲೇ ಮಾಡದ ಮುಂದೆ ನಿಂತಿದ್ದಳು. ಕೃಷ್ಣೆಯ ನೀರೆಂದು ಎತ್ತಿಕೊಂಡ ಬಾಟಲಿ ನೆಲದಲ್ಲಿ ಉರುಳಿತ್ತು, ಪರಸಿಯ ಮೇಲೆ ಬಿದ್ದದ್ದು ಸುಂಯ್ ಎಂದು ಬೆಳ್ಳಗೆ ನೊರೆ ಕಾರುತ್ತಿತ್ತು. ಹುಡುಗಿ ಎರಡೂ ಅಂಗೈಯಿಂದ ಕಣ್ಣು ತಿಕ್ಕುತ್ತ, "ಯವ್ವಾ, ಉರೀತದ, ಕಣ್ಣು ಉರೀತದ" ಎಂದು ಕೂಗುತ್ತಿದ್ದಳು.

ಮರಿಲಿಂಗಮ್ಮ ಹನ್ನೆರಡು ವರ್ಷ ಲ್ಯಾಬಿನಲ್ಲಿದ್ದವಳಲ್ಲವೇ, ಉಪಾಯ ಹೊಳೆಯಿತು. ನೆಲಕ್ಕೆ ಆಸಿಡ್ ಚೆಲ್ಲಿದಾಗ ಶಾಂತಪ್ಪ ಅದರ ಮೇಲೆ ಸುಣ್ಣ ಹಾಕುತ್ತಿದ್ದ, ನೊರೆ ಎದ್ದು ಆಸಿಡ್ ಸಾಯುತ್ತಿತ್ತು. ಅವಳು ಎಲೆಅಡಿಕೆಯ ಡಬ್ಬಿಯಿಂದ ಸುಣ್ಣ ಬಳಿದುಕೊಂಡು, ಬಟ್ಟಲಲ್ಲಿ ಕದಡಿ ಮಗಳ ಕಣ್ಣಿಗೆ ಸುರಿಯಲು ಓಡಿದಳು.

ಅಂಬ್ರಪ್ಪ ಆ ಬಟ್ಟಲನ್ನು ಏಟು ಕೊಟ್ಟು ಬೀಳಿಸಿದ. ಅದು ಗೋಡೆಗೆ ಬಡಿದು ಸಿಡಿಯಿತು.

"ಕೊಂದ! ನನ್ನ ಮಗಳ್ನ ಕೊಂದ! ಯಾರರ ಬರ್ರೋ!" ಮರಿಲಿಂಗಮ್ಮ ಬಾಯಿ ಬಡಿದುಕೊಂಡಳು. ಬಾಲಮ್ಮ ಹರಳೆಣ್ಣೆ ಹಿಡಿದು ಓಡಿ ಬಂದಳು. ಅವನು ಅವಳನ್ನೂ ತಡೆದ.

"ಸುಣ್ಣ ಬ್ಯಾಡ, ಎಣ್ಣಿ ಬ್ಯಾಡ! ಸುಣ್ಣ ಆಸಿಡ್‌ಗಿಂತ ಜಲ್ದಿ ಕಣ್ಣು ತಿಂತದ. ನೀರು! ಬರೀ ನೀರು!" ಅಷ್ಟರಲ್ಲಿ ಅವನು ಅಮೃತಮ್ಮನ ಕೈಗಳನ್ನು ಮುಖದಿಂದ ಬಿಡಿಸಿ, ಅಂಗಳದ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ ಕೂರಿಸಿದ್ದ. ಸುಕ್ಕುಗಟ್ಟಿದ ಆ ಕೈಯಿಂದ ಅವಳ ಹಣೆ ಹಿಡಿದು ಹಿಂದಕ್ಕೆ ಬಾಗಿಸಿ, ಬೆರಳಿನಿಂದ ರೆಪ್ಪೆ ಅಗಲಿಸಿದ. ಹುಡುಗಿ ಒದ್ದಾಡಿದಳು. "ಬಿಡ್ಸು ಯವ್ವಾ, ಇವನ ಕೈಯಾಗಿಂದ ಬಿಡ್ಸು!"

ಮರಿಲಿಂಗಮ್ಮನ ಕೈಗೆ ತೊಟ್ಟಿಯ ಮೇಲಿದ್ದ ಚೊಂಬು ಸಿಕ್ಕಿತ್ತು. ಅದರಿಂದ ಅವನ ತಲೆ ಒಡೆಯಬಹುದಿತ್ತು. ಚೊಂಬು ಎತ್ತಿದ್ದಳು ಕೂಡ.

"ಅಕ್ಕಾ" ಎಂದ ಅವನು, ಅವಳತ್ತ ತಿರುಗದೆ. "ನನ್ನ ಮ್ಯಾಲ ಸಂಶಯ ಆಮ್ಯಾಲ ಪಡ್ರಿ. ಈಗ ನೀರ ಹಾಕ್ರಿ."

ಅವನ ಮಾತಿಗೆ ಅವಳು ಕರಗಲಿಲ್ಲ. ಅವನು ಹಿಡಿದಿದ್ದ ರೆಪ್ಪೆಯ ನಡುವೆ ಮಗಳ ಕಣ್ಣು ಕೆಂಡದಂತೆ ಕಂಡಿತು, ಅಷ್ಟೇ. ಸುಣ್ಣವಿಲ್ಲ, ಎಣ್ಣೆಯಿಲ್ಲ, ದೇವರೂ ಇಲ್ಲ. ಎದುರಿಗೆ ಇದ್ದದ್ದು ಅವನೊಬ್ಬ. ಅವಳು ಚೊಂಬನ್ನು ತೊಟ್ಟಿಗೆ ಅದ್ದಿ ಸುರಿದಳು.

"ಮೂಗಿನ ಕಡಿಂದ ಕಿವಿ ಕಡಿ ಹರೀಲಿ. ಒಂದು ಕಣ್ಣಿನ ನೀರು ಇನ್ನೊಂದಕ್ಕ ಹೋಗಬಾರದು. ನಿಧಾನ. ನಿಲ್ಲಸಬ್ಯಾಡ್ರಿ." ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು. ಮಗಳು ಅತ್ತಳು, ಬೈದಳು, ಕೊನೆಗೆ ನರಳಿದಳು. ಬಾಲಮ್ಮ, "ಸಾಕ ಬಿಡ್ರೀ, ಥಂಡಿ ಆಗ್ತದ" ಎಂದಳು. "ಇಪ್ಪತ್ತ ನಿಮಿಷ" ಎಂದ ಅಂಬ್ರಪ್ಪ. ತೊಟ್ಟಿ ತಳ ಕಂಡಿತು, ಬಾಲಮ್ಮನ ಮನೆಯ ಕೊಡಗಳೂ ಖಾಲಿಯಾದವು. ಸುರಪುರದ ದವಾಖಾನೆಗೆ ಹೋಗುವ ಆಟೋದಲ್ಲೂ ಅವನು ಸುಮ್ಮನಿರಲಿಲ್ಲ, ಹನಿಹನಿಯಾಗಿ ನೀರು ಬಿಡುತ್ತಲೇ ಇದ್ದ.

ಡಾಕ್ಟರಮ್ಮ ಲೈಟು ಬಿಟ್ಟು ನೋಡಿದರು. "ಮೇಲಿನ ಪದರ ಸುಟ್ಟದ. ಎಂಟತ್ತು ದಿನದಾಗ ಕೂಡ್ತದ. ಮನಿಯಾಗ ಇಷ್ಟೊತ್ತು ತೊಳದೀರಿ ಅಂತ ಕಣ್ಣು ಉಳದಾವ" ಎಂದರು. ಎರಡು ತಾಸಿಗೊಮ್ಮೆ ಹಾಕಬೇಕೆಂದು ಹನಿ ಔಷಧ ಕೊಟ್ಟು ಹುಡುಗಿಯನ್ನು ಮಂಚದ ಮೇಲೆ ಮಲಗಿಸಿದರು.

ವರಾಂಡದಲ್ಲಿ ಅಂಬ್ರಪ್ಪನ ಫೋನು ಹೊಡೆದುಕೊಂಡಿತು. ಒದ್ದೆ ಕೈ, ಅವನು ಸ್ಪೀಕರ್ ಒತ್ತಿದ. "ಮಾಮಾ, ನಾಕೂ ಮೂಲಿ ಮಣ್ಣು ಅಗದು ಬ್ಯಾರೆ ಬ್ಯಾರೆ ಕಟ್ಟಿಟ್ಟೀನಿ. ಎಷ್ಟೊತ್ತಿಗೆ ಬರ್ತೀರಿ?" ತಾಯಪ್ಪನ ದನಿ. ಬಾಗಿಲಲ್ಲಿದ್ದ ಮರಿಲಿಂಗಮ್ಮ ಅದನ್ನು ಕೇಳಿದಳು. ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು.

"ಯವ್ವಾ" ಎಂದಳು ಅಮೃತಮ್ಮ, ಕಣ್ಣು ಮುಚ್ಚಿಕೊಂಡೇ. "ತಾಯಪ್ಪ ನಮ್ಮ ಮನಿಯೊಳಗ ಬಂದಿದ್ನೇನು?"

"ಇಲ್ಲ."

"ಮತ್ತ ಈ ಅಂಬ್ರಪ್ಪ ಅನ್ನಾಂವ? ಅವನಾ ಇಟ್ನಾ ಅದನ್ನ? ನೀ ದಿನಾ ಹೇಳ್ತಿದ್ದಿ ಅಲಾ."

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಕೀಲಿ ಅವನದು, ಆಸಿಡ್ಡು ಅವನ ಕಪಾಟಿನದು, ವಡಗೇರಾದ ನಂಟು ಅವನದು. ಇಡೀ ಸುರಪುರ ನಂಬುತ್ತಿತ್ತು. ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು ಕೂಡ, ಸುಳ್ಳು ಯಾಕೆ ಹೇಳಲಿ.

"ನಾನಾ ತಂದಿಟ್ಟಿದ್ದೆ" ಎಂದಳು ಮರಿಲಿಂಗಮ್ಮ. "ನಿನ್ನ ಉಳಸ್ಕೋಬೇಕಂತ ತಂದೆ ಯವ್ವಾ."

ನರ್ಸಮ್ಮ ಇಣುಕಿ, ಹನಿ ಹಾಕುವ ಹೊತ್ತಾಯಿತು ಎಂದು ಹೇಳಿ ಹೋದಳು. ಮರಿಲಿಂಗಮ್ಮ ಔಷಧದ ಮುಚ್ಚಳ ತಿರುವಿ ಮಗಳ ಮುಖದ ಮೇಲೆ ಬಾಗಿದಳು.

ಹುಡುಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಗೋಡೆಯತ್ತ ಹೊರಳಿದಳು.

"ನೀ ಹಾಕಬ್ಯಾಡ" ಎಂದಳು. "ಕಣ್ಣು ತೊಳದ್ರಲ್ಲ, ಅವರನ್ನ ಕರಿ."

ಮರಿಲಿಂಗಮ್ಮ ವರಾಂಡಕ್ಕೆ ಹೋಗಿ ಅಂಬ್ರಪ್ಪನ ಕೈಗೆ ಔಷಧ ಕೊಟ್ಟು, ಬಾಗಿಲ ಹೊರಗೇ ನಿಂತಳು.